ಕೊರೆದ ತೂತು, ಸರಿಸಿದ ತೂತು

ಫಿನ್ಲೆಂಡಿಗೆ ಹೋಗಿ ಬಂದವನನ್ನು ನಮ್ಮ ಕಡೆಯ ಜನ ಮೊದಲು ಕೇಳುವುದು ಅಲ್ಲಿನ ಚಳಿಯ ವಿಷಯ, ಆಮೇಲೆ ಊಟದ ವಿಷಯ. ಯಾಕೆ ಹೋಗಿದ್ದೆ ಎಂದು ಕೇಳುವವರು ಕಡಿಮೆ. ಅಪ್ಪಿತಪ್ಪಿ ಕೇಳಿದವರಿಗೆ, "ತೂತು ಇರುವ ಹಲಗೆ ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದು ಮೊದಲೇ ಹೇಳುವುದನ್ನು ಕಲಿಯಲು" ಎಂದರೆ, ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಅದಿರಲಿ, ಚಳಿ ಹೆಂಗಿತ್ತರಿ?" ಎಂದು ಮತ್ತೆ ಅಲ್ಲಿಗೇ ಬರುತ್ತಾರೆ. ಇಲ್ಲಿ ಚಳಿಯೂ ಬರುತ್ತದೆ, ಊಟವೂ ಬರುತ್ತದೆ. ಆದರೆ ಆ ತೂತನ್ನು ಬಿಟ್ಟು ನಾನು ಬಹಳ ದೂರ ಹೋಗಲಾರೆ.

ಹಳಿಯಾಳ

ನಮ್ಮ ಮನೆ ಹಳಿಯಾಳದ ಪೇಟೆಯಲ್ಲಿ. ಅಪ್ಪನದು ಅಕ್ಕಿಯ ವ್ಯಾಪಾರ. ನಾನು ಧಾರವಾಡದ ಕಡೆ ಕಾಲೇಜೊಂದರಲ್ಲಿ ಯಂತ್ರಶಾಸ್ತ್ರ ಕಲಿಸುವ ಮಾಸ್ತರ. ತಂಗಿ ಗಿರಿಜಾ ದಾಂಡೇಲಿಯಿಂದ ಜೋಯಿಡಾಕ್ಕೆ ಹೋಗುವ ದಾರಿಯ ಒಂದು ಹಳ್ಳಿಯ ಶಾಲೆಯಲ್ಲಿ ಅಕ್ಕೋರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಬಲಗಾಲು ಸೊರಗಿದೆ. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಪಟ್ಟಿ, ಮೊಣಕಾಲಿಗೊಂದು ಕೀಲು, ನಡುನಡುವೆ ಚರ್ಮದ ಬೆಲ್ಟು. ಇಷ್ಟನ್ನು ಕಟ್ಟಿಕೊಂಡು ಅವಳು ದಿನವೂ ಬಸ್ಸು ಹತ್ತಬೇಕು. ಅದು ಸೂಪಾದಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಬಸ್ಸಿನ ತುಂಬ ಕೆಲಸಗಾರರು, ಅವರ ಸಲಿಕೆ, ಬುಟ್ಟಿ. ಗಿರಿಜಾ ಹತ್ತಿದರೆ ಮಾತ್ರ ಮುಂದಿನ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಅದು ಅವಳ ಕಾಲಿನ ಮೇಲಿನ ಕರುಣೆಯಿಂದಲ್ಲ, ಬಾಯಿಯ ಮೇಲಿನ ಭಯದಿಂದ.

ಆಗ ನಾನು ಗಾಜಿನ ಬಟ್ಟೆಯ ಹುಚ್ಚು ಹಿಡಿಸಿಕೊಂಡಿದ್ದೆ. ಗಾಜನ್ನು ಕೂದಲಿಗಿಂತ ಸಣ್ಣದಾಗಿ ಎಳೆದು, ದಾರ ಮಾಡಿ, ಸೀರೆ ನೇಯ್ದ ಹಾಗೆ ಹಾಸುಹೊಕ್ಕು ನೇಯುತ್ತಾರೆ. ಆ ಬಟ್ಟೆಯನ್ನು ಪದರದ ಮೇಲೆ ಪದರ ಇಟ್ಟು ರಾಳದ ಅಂಟು ಸವರಿದರೆ, ಒಣಗಿದ ಮೇಲೆ ಕಬ್ಬಿಣಕ್ಕೆ ಸೆಡ್ಡು ಹೊಡೆಯುವ ಹಗುರಾದ ಹಲಗೆ. ತಂಗಿಗೆ ಕಬ್ಬಿಣದ ಬದಲು ಇದರದೇ ಪಟ್ಟಿ ಮಾಡಿಕೊಟ್ಟೆ. ಅವಳು ಮನೆಯೆಲ್ಲ ಓಡಾಡಿ, "ಅಯ್ಯ, ಕಾಲಾಗ ಏನೂ ಇಲ್ಲದಂಗ ಐತಿ" ಎಂದಳು. ನನಗೆ ಆನೆಬಲ ಬಂದಿತ್ತು. ಒಂದು ತಿಂಗಳು ಕಳೆಯುವಷ್ಟರಲ್ಲಿ, ಬಸ್ಸಿನ ಮೆಟ್ಟಿಲ ಮೇಲೆ, ಕೀಲಿಗಾಗಿ ನಾನು ಡ್ರಿಲ್ಲಿನಿಂದ ಕೊರೆದಿದ್ದ ತೂತಿನ ಬಳಿ ಪಟ್ಟಿ ಲಟ್ಟೆಂದು ಮುರಿಯಿತು. ಗಿರಿಜಾ ಕೆಸರಿಗೆ ಬಿದ್ದಳು. ಮುಂಗೈ ಉಳುಕಿತು.

ನೋಡಲು ಹೋದಾಗ ಅವಳು ಬೈಯುತ್ತಾಳೆಂದು ತಯಾರಾಗಿದ್ದೆ. ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು.

"ಅಣ್ಣಾ, ಕಬ್ಬಿಣ ಭಾರ ಐತಿ ಖರೆ. ಆದ್ರ ಅದು ನನಗ ಕೈಕೊಟ್ಟಿಲ್ಲ. ನೀ ಇನ್ನೊಂದು ಮಾಡೂದಿದ್ರ ಮಾಡು. ಆದ್ರ ಎಷ್ಟು ಭಾರಕ್ಕ ಮುರೀತೈತಿ, ಎಲ್ಲಿ ಮುರೀತೈತಿ, ಮೊದಲ ನನಗ ಹೇಳಬೇಕು. ಹೇಳಾಕ ಬರೂದಿಲ್ಲಂದ್ರ ನನ್ನ ಕಾಲಿನ ತಂಟೇಕ ಬರಬ್ಯಾಡ."

ಹತ್ತು ಎಳೆಗಳಲ್ಲಿ ಎರಡನ್ನು ಕಡಿದರೆ ಎಂಟು ಎಳೆಯ ಬಲ ಉಳಿಯಬೇಕು, ಆದರೆ ಉಳಿಯುವುದಿಲ್ಲ. ಪಲ್ಲಕ್ಕಿ ಹೊರುವವರಲ್ಲಿ ಇಬ್ಬರು ಬಿಟ್ಟುಹೋದರೆ ಅವರ ಭಾರ ಎಲ್ಲರಿಗೂ ಸಮನಾಗಿ ಹಂಚಿಹೋಗದೆ ಪಕ್ಕದವರ ಹೆಗಲಿಗೇ ಬೀಳುತ್ತದೆಯಲ್ಲ, ಹಾಗೆ. ತೂತಿನ ಅಂಚಿನ ಎಳೆ ಮೊದಲು ಹರಿಯುತ್ತದೆ, ಆಮೇಲೆ ಅದರ ಪಕ್ಕದ್ದು. ಎಷ್ಟು ಭಾರಕ್ಕೆ ಎಂದು ಲೆಕ್ಕ ಹಾಕುವ ಜನ ಫಿನ್ಲೆಂಡಿನ ಒಂದು ಪ್ರಯೋಗಾಲಯದಲ್ಲಿದ್ದಾರೆಂದು ತಿಳಿದು, ಬರೆದು, ಕಾಡಿ, ಕೆಲವು ತಿಂಗಳ ಮಟ್ಟಿಗೆ ಅಲ್ಲಿ ಕೆಲಸ ಮಾಡಲು ಕರೆ ಪಡೆದೆ.

ಲೋಂಡಾ, ಮುಂಬಯಿ

ಪರದೇಶಕ್ಕೆ ಹೋಗುವವನ ಸಾಮಾನು ಕಟ್ಟುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಅವ್ವನ ಪಕ್ಷಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮುಖ್ಯ. ಅಪ್ಪನ ಪಕ್ಷಕ್ಕೆ ಒಳಗೇನಿದ್ದರೂ ಮೇಲೆ ಗೋಣಿಚೀಲದ ಹೊಲಿಗೆ ಮುಖ್ಯ. ಟ್ರಂಕಿನ ಸುತ್ತ ಗೋಣಿ ಸುತ್ತಿ, ಅಪ್ಪ ದಬ್ಬಣದಿಂದ ತಾನೇ ಹೊಲಿದ. ಗೇಣುದ್ದದ ದಪ್ಪ ಸೂಜಿ ಅದು. ನಡುವೆ ಬಿಚ್ಚಬೇಕಾಗಿ ಬಂದರೆ ಮತ್ತೆ ಹೊಲಿಯಲು ಎಂದು ಆ ದಬ್ಬಣವನ್ನೂ ಗೋಣಿಯ ಮಡಿಕೆಯಲ್ಲೇ ಚುಚ್ಚಿಟ್ಟ. ಟ್ರಂಕಿನೊಳಗೆ ನಾನು ಗಿರಿಜಾಳ ಮುರಿದ ಪಟ್ಟಿಯನ್ನು ಇಟ್ಟುಕೊಂಡೆ, ಮುಂಡಗೋಡದ ಟಿಬೆಟಿಯನ್ನರ ಹತ್ತಿರ ಕೊಂಡ ಉಣ್ಣೆಯ ಸ್ವೆಟರಿನಲ್ಲಿ ಸುತ್ತಿ.

ಲೋಂಡಾದಲ್ಲಿ ರೈಲು ಹತ್ತಿಸಲು ಗಿರಿಜಾಳೂ ಬಂದಿದ್ದಳು, ಕಬ್ಬಿಣದ ಪಟ್ಟಿ ಕಟ್ಟಿಕೊಂಡು. ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಅದರ ಸದ್ದು ರೈಲು ಹೊರಟ ಮೇಲೂ ಬಹಳ ಹೊತ್ತು ನನ್ನ ಕಿವಿಯಲ್ಲಿತ್ತು. ಮುಂಬಯಿಯಲ್ಲಿ ವಿಮಾನದ ಬಾಗಿಲಲ್ಲಿ ನಿಂತ ಹುಡುಗಿ ನಮಸ್ಕಾರ ಮಾಡಿದಳು. ನನಗೇ ಮಾಡಿದಳೆಂದು ತಿಳಿದು, ಬಾಗಿಲಲ್ಲೇ ನಿಂತು ಊರು, ಉದ್ದೇಶ ಎಲ್ಲ ಹೇಳತೊಡಗಿದೆ. ಹಿಂದಿನವರು ದಬ್ಬಿ ಒಳಗೆ ಹಾಕಿದರು.

ಹೆಲ್ಸಿಂಕಿಯ ಸುಂಕದ ಕಟ್ಟೆ

ಹೆಲ್ಸಿಂಕಿಯಲ್ಲಿ ಸುಂಕದ ಅಧಿಕಾರಿ ಬೆಳ್ಳಗೆ, ಎತ್ತರಕ್ಕೆ, ಮಾತಿಲ್ಲದೆ ನಿಂತಿದ್ದ. ಗೋಣಿ ಹೊದ್ದ ಟ್ರಂಕನ್ನು ಅವನು ಅದಕ್ಕೆ ಮುಂಚೆ ಕಂಡಿರಲಾರ. ಗೋಣಿ ಬಿಚ್ಚಿಸಿದ. ಮೊದಲು ಚಟ್ನಿ ಮೂಸಿ ಸೀನಿದ. ಆಮೇಲೆ ಮುರಿದ ಪಟ್ಟಿಯನ್ನು ಎತ್ತಿ, ಅದು ಯಾರ ಅಂಗವೋ ಎಂಬಂತೆ ನೋಡಿದ. ಕಡೆಗೆ ಮಡಿಕೆಯಿಂದ ದಬ್ಬಣ ಹೊರಬಂತು. ಬೆಳಕಿಗೆ ಹಿಡಿದು, ತುದಿ ಮುಟ್ಟಿ, ನನ್ನ ಕಡೆ ನೋಡಿದ.

ಆಯುಧವಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನಂಬಿದಂತೆ ಕಾಣಲಿಲ್ಲ. ಬಾಯಿಗಿಂತ ಕೈ ಮೇಲೆಂದು, ದಬ್ಬಣ ಇಸಿದುಕೊಂಡು ಗೋಣಿಗೆ ಚುಚ್ಚಿ ತೆಗೆದೆ. ಬೆರಳು ಹಿಡಿಸುವಂಥ ತೂತಾಯಿತು. ಆಮೇಲೆ ನಮ್ಮ ಪೇಟೆಯಲ್ಲಿ ದಿನವೂ ಮಾಡುವುದನ್ನೇ ಮಾಡಿದೆ. ಅಕ್ಕಿಯ ಮಾದರಿ ನೋಡಲು ಚೀಲಕ್ಕೆ ಚೂಪು ಕೊಳವೆ ಚುಚ್ಚಿ, ಹಿಡಿಯಷ್ಟು ಕಾಳು ತೆಗೆದ ಮೇಲೆ, ಅಪ್ಪ ಹೆಬ್ಬೆರಳಿನಿಂದ ಆ ತೂತನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಉಜ್ಜುತ್ತಾನೆ. ಸರಿದಿದ್ದ ಎಳೆಗಳು ತಮ್ಮ ಜಾಗಕ್ಕೆ ಬರುತ್ತವೆ, ತೂತು ಮಾಯ. ನಾನೂ ಉಜ್ಜಿದೆ. ಅಧಿಕಾರಿ ಬಗ್ಗಿ ನೋಡಿದ. ಕೈ ಚಾಚಿ ದಬ್ಬಣ ಇಸಿದುಕೊಂಡು, ತಾನೇ ಚುಚ್ಚಿದ, ತಾನೇ ಉಜ್ಜಿದ. ಇನ್ನೊಂದು ಸಲ ಮಾಡಿದ. ಹಿಂದೆ ಸಾಲು ಬೆಳೆಯುತ್ತಿತ್ತು, ಅವನಿಗೆ ಅದರ ಪರಿವೆಯಿರಲಿಲ್ಲ. ಕೊನೆಗೆ ದಬ್ಬಣವನ್ನು ಇದ್ದಲ್ಲೇ ಸಿಕ್ಕಿಸಿ, ತಲೆಯಾಡಿಸಿ ಕಳಿಸಿದ. ಆ ದೇಶದಲ್ಲಿ ನನಗೆ ಸಿಕ್ಕ ಮೊದಲ ಸ್ವಾಗತ ಅದು.

ತಾಂಪೆರೆ, ಹೆಲ್ಮಿ ಅಜ್ಜಿಯ ಮನೆ

ತಾಂಪೆರೆ ಎರಡು ದೊಡ್ಡ ಸರೋವರಗಳ ನಡುವೆ ಇರುವ ಊರು. ರೈಲಿನಿಂದ ಇಳಿದ ಕೂಡಲೇ ಮೂಗಿಗೊಂದು ವಾಸನೆ ಬಡಿಯಿತು. ಕೊಳೆತ ಎಲೆಕೋಸು, ಸುಟ್ಟ ಬೆಲ್ಲ, ಒದ್ದೆ ಕಟ್ಟಿಗೆ ಮೂರೂ ಸೇರಿದಂಥದ್ದು. ಕಣ್ಣಲ್ಲಿ ನೀರು ಬಂತು. ಕಾಗದದ ಗಿರಣಿ ಇರುವ ಊರಿಗೆಲ್ಲ ಒಂದೇ ವಾಸನೆ! ಅಷ್ಟು ದೂರ ಬಂದು ದಾಂಡೇಲಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದಂತಾಯಿತು. ನನ್ನನ್ನು ಕರೆದೊಯ್ಯಲು ಬಂದ ವಿದ್ಯಾರ್ಥಿ ಗಿರಣಿಯ ನಾತಕ್ಕೆ ಕ್ಷಮೆ ಕೇಳಿದ. "ಇರಲಿ, ಇರಲಿ" ಎಂದು ಇನ್ನೊಮ್ಮೆ ಎದೆ ತುಂಬ ಎಳೆದುಕೊಂಡೆ. ಅವನು ಒಂದು ಹೆಜ್ಜೆ ದೂರ ಸರಿದು ನಡೆದ.

ಹೆಲ್ಮಿ ಎಂಬ ಅಜ್ಜಿಯ ಮನೆಯ ಮಹಡಿಯ ಕೋಣೆಯಲ್ಲಿ ನನ್ನ ವಾಸ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ಊಟಕ್ಕೆ ಮಜ್ಜಿಗೆ ಇರಲೇಬೇಕು. ನನಗೆ ಇದಕ್ಕಿಂತ ಹೆಚ್ಚಿನ ನಾಗರಿಕತೆ ಬೇಕಿರಲಿಲ್ಲ. ನಾನು ಮಾಂಸ ಮುಟ್ಟುವುದಿಲ್ಲ ಎಂದು ತಿಳಿದಾಗ ಅಜ್ಜಿ, ಕಾಯಿಲೆಯವನನ್ನು ನೋಡುವಂತೆ ನೋಡಿ, ಆಲೂಗಡ್ಡೆ ಬೇಯಿಸಿಟ್ಟಳು. ಅಡುಗೆಮನೆಯ ಸೂರಿಗೆ ಒಂದು ಕೋಲು ಕಟ್ಟಿ, ಅದಕ್ಕೆ ಕರಿಗೋಧಿಯಂಥ ರೈ ಹಿಟ್ಟಿನ ರೊಟ್ಟಿಗಳನ್ನು ಪೋಣಿಸಿದ್ದಳು. ಪ್ರತಿ ರೊಟ್ಟಿಗೂ ನಡುವೆ ದುಂಡಗಿನ ತೂತು. ಎಲ್ಲರ ಮನೆ ದೋಸೆಯೂ ತೂತು ಎಂದು ನಮ್ಮಲ್ಲಿ ಹೇಳುವುದನ್ನು ಅವಳಿಗೆ ತಿಳಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಫಿನ್ನಿಷ್ ಬಾರದು, ದೋಸೆ ಇಬ್ಬರ ಬಳಿಯೂ ಇಲ್ಲ. ನನ್ನ ಅಭಿನಯ ನೋಡಿ ಅವಳು ಇನ್ನೊಂದು ರೊಟ್ಟಿ ಬಡಿಸಿದಳು.

ನನ್ನ ಮುಂಡಗೋಡದ ಸ್ವೆಟರಿನ ಮೊಣಕೈಯಲ್ಲಿ ಒಂದು ಹೆಣಿಗೆ ಬಿಟ್ಟು ಏಣಿಯ ಹಾಗೆ ಮೇಲಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಒಂದು ಸಂಜೆ ಅಜ್ಜಿ ಮಾತಿಲ್ಲದೆ ಅದನ್ನು ಬಿಚ್ಚಿಸಿಕೊಂಡು ಸರಿಮಾಡಿ ಕೊಟ್ಟಳು. ಆ ಜನ ಮಾತಾಡುವುದಿಲ್ಲ ಎನ್ನುವುದು ನಿಜ. ಆದರೆ ನಮ್ಮಲ್ಲಿ ಹತ್ತು ಮಾತಾಡಿ ಮುಗಿಸುವ ಕೆಲಸವನ್ನು ಅವರು ಕೈಯಿಂದ ಮಾಡಿಬಿಡುತ್ತಾರೆ.

ಕರಿಹಲಗೆಯ ಮುಂದೆ

ನನ್ನ ಗುರು ತೌನೊ. ಪ್ರೊಫೆಸರ್ ಆದರೂ ಎಲ್ಲರೂ ಬರೀ ತೌನೊ ಎಂದೇ ಕರೆಯುತ್ತಿದ್ದರು. "ಸರ್" ಎನ್ನದೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಮೊದಲ ವಾರ "ತೌನೊ ಸರ್" ಎಂದೆ. "ಸರ್" ಎನ್ನುವುದು ಅವನ ಮನೆತನದ ಹೆಸರೋ ಎಂದು ವಿದ್ಯಾರ್ಥಿಗಳು ನಕ್ಕರು. ನಮ್ಮಿಬ್ಬರದೂ ಕಡ ತಂದ ಇಂಗ್ಲಿಷ್. ಅವನು ಅದನ್ನು ಜೋಪಾನವಾಗಿ ಬಳಸುತ್ತಿದ್ದ, ನಾನು ದುಂದು ಮಾಡುತ್ತಿದ್ದೆ.

ಆ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ತೂತಿನ ಹಲಗೆಯನ್ನು ಯಂತ್ರದ ಎರಡು ದವಡೆಗೆ ಕಚ್ಚಿಸಿ ಎಳೆಯುವ ಮೊದಲು, ಅಲ್ಲಿದ್ದವರೆಲ್ಲ ಅದು ಎಷ್ಟು ಭಾರಕ್ಕೆ ಮುರಿಯುತ್ತದೆಂದು ಗಟ್ಟಿಯಾಗಿ ಹೇಳಿ ಕರಿಹಲಗೆಯ ಮೇಲೆ ಬರೆಯಬೇಕು. ಸುಮ್ಮನಿರುವ ಹಾಗಿಲ್ಲ. ಮುರಿದ ಮೇಲೆ, ಯಾರ ಮಾತು ಎಲ್ಲಕ್ಕಿಂತ ಹೆಚ್ಚು ತಪ್ಪಿತೋ ಅವರು ಎಲ್ಲರಿಗೂ ಕಾಫಿ ಮಾಡಬೇಕು. "ಮುರಿದ ಮೇಲೆ ಎಲ್ಲರೂ ಜಾಣರೇ" ಎನ್ನುತ್ತಿದ್ದ ತೌನೊ. ಮೊದಮೊದಲು ಕಾಫಿ ಮಾಡುವ ಕೆಲಸ ನನಗೇ ಖಾಯಂ ಆಯಿತು. ಮದ್ರಾಸಿನವರ ಹಾಗೆ ನಮಗೆ ಕಾಫಿಯ ಅಭ್ಯಾಸವಿಲ್ಲ, ನಾವು ಚಹಾದವರು. ನಾನು ಮಾಡಿದ ಕಾಫಿ ಕುಡಿದು, ನಾನು ಬೇಗ ಲೆಕ್ಕ ಕಲಿಯಲಿ ಎಂದು ಎಲ್ಲರೂ ಮನಸಾರೆ ಹಾರೈಸಿದರು.

ಲೆಕ್ಕದ ಗುಟ್ಟು ಇಷ್ಟು. ತೂತಿನ ಅಂಚಿನಲ್ಲೇ ಎಳೆತ ಎಷ್ಟಿದೆ ಎಂದು ನೋಡಿದರೆ ಹಲಗೆ ಎಂದೋ ಮುರಿಯಬೇಕಿತ್ತು ಎನಿಸುತ್ತದೆ. ದೂರದಲ್ಲಿ ನೋಡಿದರೆ ಎಂದೂ ಮುರಿಯದು ಎನಿಸುತ್ತದೆ. ಅಂಚಿನಿಂದ ಒಂದಿಷ್ಟೇ ಈಚೆ ನಿಂತು ನೋಡಬೇಕು. ಆ ದೂರ ಒಂದೊಂದು ಬಟ್ಟೆಗೆ ಒಂದೊಂದು. ಕೆಲವು ಹಲಗೆ ಮುರಿದು ಅದನ್ನು ಕಂಡುಕೊಂಡರೆ, ಆಮೇಲೆ ಬೇರೆ ಬೇರೆ ತೂತಿನ ಹಲಗೆಗಳ ಭವಿಷ್ಯ ಹೇಳಬಹುದು. ನಮ್ಮ ಬಟ್ಟೆಗೆ ಆ ದೂರ ಅಕ್ಕಿಕಾಳಿನ ಅಗಲದಷ್ಟು. ಅಕ್ಕಿಯ ವ್ಯಾಪಾರಿಯ ಮಗನಿಗೆ ಇದು ಮರೆಯುವುದುಂಟೆ? ಕಾಫಿಯ ಕೆಲಸ ಮೆಲ್ಲಗೆ ಇತರರ ಪಾಲಿಗೆ ಹೋಯಿತು.

ಬರ್ಫಿನ ಮೇಲೆ

ಒಂದು ಭಾನುವಾರ ತೌನೊ ನನ್ನನ್ನು ಸರೋವರಕ್ಕೆ ಕರೆದೊಯ್ದ. ದಂಡೆಗಲ್ಲ, ಸರೋವರದ ಮೇಲಕ್ಕೆ. ಚಳಿಗಾಲ ಮುಗಿಯುತ್ತ ಬಂದಿದ್ದರೂ ನೀರು ಬರ್ಫಾಗಿ ಬಯಲಿನಂತೆ ಬಿದ್ದಿತ್ತು. ಜನ ಅದರ ಮೇಲೆ ಸ್ಟೂಲು ಹಾಕಿ, ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿದ್ದರು. ತೌನೊ ದೊಡ್ಡ ತಿರುಪಿನ ಕೈಡ್ರಿಲ್ಲು ತೆಗೆದು ನಮ್ಮ ಕಾಲಬುಡದಲ್ಲೇ ಕೊರೆಯತೊಡಗಿದ. ಮೀನು ಹಿಡಿಯಲು ತೂತು! ಕೂತ ಟೊಂಗೆಯನ್ನೇ ಕಡಿಯುವ ಕಥೆ ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ. ನಾನು ಹಿಂದೆ ಹಿಂದೆ ಸರಿಯುವುದನ್ನು ನೋಡಿ ಅವನು ಹೇಳಿದ, "ತೂತು ಇದೆ ಎಂದು ಹೆದರಬೇಡ. ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಹೆದರು."

ನನಗೂ ಒಂದು ದಾರ ಕೊಟ್ಟ. ಸುಮ್ಮನೆ ಹಿಡಿದು ಕೂತೆ. ಮೀನು ಕಚ್ಚಿಬಿಟ್ಟಿತು. ಮೇಲೆಳೆದು, ಅದರ ಕಣ್ಣು ನೋಡಿ, ಮತ್ತೆ ತೂತಿನೊಳಗೆ ಬಿಟ್ಟೆ. ಸುತ್ತಲಿನ ಬೆನ್ನುಗಳೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದವು.

ಆ ಮೌನದಲ್ಲಿ ಏನಾದರೂ ಮಾತಾಡಬೇಕೆನಿಸಿ, ತಂಗಿಯ ವಿಷಯ ಹೇಳಿದೆ. ಪಟ್ಟಿ, ಬಸ್ಸಿನ ಮೆಟ್ಟಿಲು, ಕೆಸರು, ಎಲ್ಲವನ್ನೂ. ಅವಳು ನನಗೆ ಹಾಕಿದ ಷರತ್ತನ್ನೂ ಹೇಳಿದೆ. ತೌನೊ ದಾರದಿಂದ ಕಣ್ಣು ತೆಗೆಯಲಿಲ್ಲ. "ಆಕೆ ಎಂಜಿನಿಯರಾ?" ಎಂದ.

"ಅಲ್ಲ. ಒಂದನೇ ಇಯತ್ತೆಗೆ ಅಕ್ಷರ ಕಲಿಸುತ್ತಾಳೆ."

"ಸರಿಯಾದ ಪ್ರಶ್ನೆ ಕೇಳಿದ್ದಾಳೆ" ಎಂದು ದಾರವನ್ನು ಒಮ್ಮೆ ಜಗ್ಗಿ ನೋಡಿದ.

ದೂರದಲ್ಲಿ ಬರ್ಫಿನ ಮೇಲೆ ಒಂದು ಖಾಲಿ ಪೀಪಾಯಿ ನಿಲ್ಲಿಸಿದ್ದರು. ಬರ್ಫು ಒಡೆದು ಆ ಪೀಪಾಯಿ ಕದಲುವ ದಿನ ಯಾವುದೆಂದು ಊರಿಗೆ ಊರೇ ಮೊದಲೇ ಹೇಳುತ್ತದಂತೆ. ಗೆದ್ದವರಿಗೆ ಒಂದು ದೊಡ್ಡ ಕೇಕು. ನಿನ್ನ ಹೆಸರನ್ನೂ ಸೇರಿಸುತ್ತೇನೆ, ದಿನ ಹೇಳು ಎಂದ ತೌನೊ. ಮನಸ್ಸಿನಲ್ಲೇ ಪಂಚಾಂಗ ತಿರುವಿ, ಅಕ್ಷಯ ತದಿಗೆ ಎಂದೆ. ಯಾವ ಲೆಕ್ಕದಿಂದ ಎಂದು ಕೇಳಿದ. ಒಳ್ಳೆಯದೆಲ್ಲ ಆ ದಿನ ಶುರುವಾಗುತ್ತದೆ ಎಂದೆ. ಅವನು ಗಂಭೀರವಾಗಿ ಬರೆದುಕೊಂಡ.

ದಬ್ಬಣದ ಕೆಲಸ

ಅದಾದ ಕೆಲದಿನಕ್ಕೆ ತೌನೊ ಬೇರೆ ಊರಿಗೆ ಹೋಗುವವನಿದ್ದ. ಕಿರುಬೆರಳು ಹಿಡಿಸುವಷ್ಟು ತೂತಿರುವ ಹಲಗೆಗಳ ಒಂದು ಕಂತು ಮಾಡಿಡು ಎಂದು ನನಗೆ ಹೇಳಿ ಹೋದ. ಬಟ್ಟೆಯ ಪದರ ಹಾಸಿ ಅಂಟು ಸವರಿದೆ. ಒಣಗಿದ ಮೇಲೆ ಡ್ರಿಲ್ಲು ಹಿಡಿಯಬೇಕಿತ್ತು. ಹಸಿ ಇರುವಾಗಲೇ ನನ್ನ ಕೈ ದಬ್ಬಣಕ್ಕೆ ಹೋಯಿತು. ಚುಚ್ಚಿದೆ. ಎಳೆಗಳು ಆಚೆ ಈಚೆ ಸರಿದು ಜಾಗ ಬಿಟ್ಟವು. ತೂತನ್ನು ಹಿಗ್ಗಿಸಿ, ಬೇಕಾದ ಗಾತ್ರದ ಉಕ್ಕಿನ ಗೂಟಕ್ಕೆ ಎಣ್ಣೆ ಸವರಿ ಒಳಗಿಟ್ಟು ಒಣಗಲು ಬಿಟ್ಟೆ. ಚೀಲಕ್ಕೆ ತೂತು ಮಾಡುವಾಗ ಎಳೆ ಕಡಿಯಬಾರದು ಎನ್ನುವುದು ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದಷ್ಟು ಸಹಜ. ಇದನ್ನು ಯಾರಿಗಾದರೂ ಹೇಳಬೇಕೆಂದು ಹೊಳೆಯಲೂ ಇಲ್ಲ. ಡ್ರಿಲ್ಲಿಗಿಂತ ಅಂಚು ನುಣುಪಾಗಿ ಬಂತೆಂದು ಸಂತೋಷಪಟ್ಟೆ.

ತೌನೊ ಬಂದ. ಎಲ್ಲರೂ ಕರಿಹಲಗೆಯ ಮೇಲೆ ತಮ್ಮ ತಮ್ಮ ಅಂಕಿ ಬರೆದರು. ಈಗೀಗ ಎಲ್ಲರ ಅಂಕಿಗಳೂ ಒಂದರ ಪಕ್ಕ ಒಂದು ಇರುತ್ತಿದ್ದವು. ಯಂತ್ರ ಎಳೆಯಿತು. ಭಾರ ತೋರಿಸುವ ಮುಳ್ಳು ನಮ್ಮೆಲ್ಲರ ಅಂಕಿಗಳನ್ನು ದಾಟಿತು. ದಾಟಿ ಇನ್ನೂ ಮೇಲಕ್ಕೆ ಹೋಯಿತು. ಯಾರೋ ಯಂತ್ರ ಕೆಟ್ಟಿದೆ ಎಂದರು. ಬಹಳ ಮೇಲೆ ಹೋಗಿ ಹಲಗೆ ಮುರಿಯಿತು. ಎರಡನೆಯದೂ ಹಾಗೇ. ತೌನೊ ಮುರಿದ ತುಂಡನ್ನು ಭೂತಗನ್ನಡಿಯ ಕೆಳಗೆ ಇಟ್ಟ.

"ನೀನು ಕೊರೆದಿಲ್ಲ."

"ಇಲ್ಲ. ಸರಿಸಿದ್ದೇನೆ."

ಕಿಸೆಯಿಂದ ದಬ್ಬಣ ತೆಗೆದು ತೋರಿಸಿದೆ. ಒಳಗೊಳಗೇ ಹಿಗ್ಗು ತಡೆಯಲಾಗುತ್ತಿರಲಿಲ್ಲ. ಒಂದೂ ಎಳೆ ಕಡಿದಿಲ್ಲ, ತೂತಿದ್ದೂ ಬಲ ಹೋಗಿಲ್ಲ. ಗಿರಿಜಾ ಆಗಲೇ ಹೊಸ ಪಟ್ಟಿ ಕಟ್ಟಿ ಜೋಯಿಡಾ ದಾರಿಯಲ್ಲಿ ನಡೆಯುತ್ತಿದ್ದಂತೆ ಕಾಣಿಸಿತು. ತೌನೊ ಮೂರನೆಯ ಹಲಗೆಯನ್ನು ಕಚ್ಚಿಸಿದ. ಈ ಸಲ ನಾನು ಎದೆಯುಬ್ಬಿಸಿ ಎಲ್ಲರಿಗಿಂತ ದೊಡ್ಡ ಅಂಕಿ ಬರೆದೆ. ಅದು ಕೊರೆದ ಹಲಗೆಗಿಂತಲೂ ಮೊದಲೇ ಮುರಿದುಬಿಟ್ಟಿತು.

ತೂತಿನ ಒಂದು ಬದಿಗೆ ಎಳೆಗಳು ಗುಂಪಾಗಿದ್ದವು. ಇನ್ನೊಂದು ಬದಿಯಲ್ಲಿ ಎಳೆಯೇ ಇಲ್ಲದೆ ಬರೀ ಅಂಟು ತುಂಬಿತ್ತು.

"ಮೊದಲೆರಡನ್ನು ನೋಡಿ ನಿನಗೆ ಖುಷಿಯಾಯಿತು" ಎಂದ ತೌನೊ. "ಮೂರನೆಯದನ್ನು ತಂಗಿಗೆ ಕಟ್ಟುತ್ತೀಯಾ?"

ನನಗೆ ಸಿಟ್ಟು ಬಂತು. ಅವನ ಮೇಲೆ ಬಂದದ್ದೆಂದು ತಿಳಿದಿದ್ದೆ. ಅಂದು ನಾನು ಮಾಡಿದ ಕಾಫಿಯನ್ನು ಎಲ್ಲರೂ ಸದ್ದಿಲ್ಲದೆ ಕುಡಿದರು. ಮನೆಗೆ ಹೋಗಿ, ಹೆಲ್ಮಿ ಅಜ್ಜಿ ಇಟ್ಟ ಆಲೂಗಡ್ಡೆ ಮುಟ್ಟದೆ ಕೂತೆ. ಕೊರೆದ ತೂತು ಬಲವಿಲ್ಲದ್ದು, ಆದರೆ ನಂಬಿಕಸ್ತ. ಸರಿಸಿದ ತೂತು ಬಲವಾದದ್ದು, ಆದರೆ ಮಾತಿಗೆ ನಿಲ್ಲುವುದಿಲ್ಲ. ಗಿರಿಜಾ ಕೇಳಿದ್ದು ಗಟ್ಟಿ ಪಟ್ಟಿಯನ್ನಲ್ಲ, ಮಾತನ್ನು. ಅದನ್ನು ಕೊಡದೆ ಹೇಗೆ ಊರಿಗೆ ಹೋಗಲಿ ಎಂದು ನಿಜವಾಗಿ ಹೆದರಿಕೆಯಾಯಿತು.

ಪೀಪಾಯಿ ಕದಲಿದ ದಿನ

ದಾರಿ ತೋರಿದ್ದು ಬಾಚಣಿಕೆ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ, ಚಿಕ್ಕಂದಿನಲ್ಲಿ ಅವ್ವ ಗಿರಿಜಾಳ ಬೈತಲೆ ತೆಗೆಯುತ್ತಿದ್ದುದು ನೆನಪಾಯಿತು. ಒದ್ದೆ ಕೂದಲಿಗೆ ಎಣ್ಣೆ ಮೆತ್ತಿದ ಮೇಲೆ ಬೈತಲೆ ಸರಿಯಾಗಿ ಬರುವುದಿಲ್ಲ, ಕೂದಲು ಮುದ್ದೆಯಾಗಿ ಒಂದೇ ಕಡೆ ಹೋಗುತ್ತದೆ. ಒಣಗಿದ್ದಾಗ ತೆಗೆಯಬೇಕು, ಎರಡೂ ಕಡೆಗೆ ಸಮನಾಗಿ. ನಾನು ಅಂಟು ಸವರಿದ ಮೇಲೆ, ಎಲ್ಲ ಪದರಕ್ಕೂ ಒಟ್ಟಿಗೆ ಚುಚ್ಚಿದ್ದೆ.

ಅಂಟಿಲ್ಲದ ಒಣ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಒಂದೊಂದೇ ಪದರಕ್ಕೆ ಎಳೆ ಎಣಿಸಿ ಈ ಕಡೆಗಿಷ್ಟು ಆ ಕಡೆಗಷ್ಟು ಸರಿಸಿದೆ. ಒಂದೊಂದು ಪದರವನ್ನೂ ಕೂರಿಸಿದ ಮೇಲಷ್ಟೇ ಅಂಟು. ಕಣ್ಣು ಕುರುಡಾಗುವ ಕೆಲಸ. ತೌನೊ ಬೇಡವೆನ್ನಲಿಲ್ಲ, ಭೇಷ್ ಎನ್ನಲೂ ಇಲ್ಲ. ತುದಿ ಸಣ್ಣಗಿರುವ, ಭೂರ್ಜ ಮರದ ನುಣುಪಾದ ಗೂಟವೊಂದನ್ನು ತಾನೇ ಕೆತ್ತಿ ನನ್ನ ಮೇಜಿನ ಮೇಲಿಟ್ಟು ಹೋದ. ಹಲಗೆಗಳನ್ನು ಮುರಿದೆ. ಅಂಕಿಗಳು ಮೆಲ್ಲಗೆ ಒಂದರ ಹತ್ತಿರ ಒಂದು ಬರತೊಡಗಿದವು. ತೂತಿನಂಚಿನಿಂದ ಈಚೆ ನಿಂತು ನೋಡಬೇಕಾದ ಆ ದೂರ ಈಗ ಅಕ್ಕಿಕಾಳಿನ ಅಗಲವಲ್ಲ, ಉದ್ದ.

ಕಡೆಯ ಕಂತಿನ ದಿನ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಬರ್ಫು ಒಡೆಯುತ್ತಿದೆ, ಪೀಪಾಯಿ ಅಲ್ಲಾಡುತ್ತಿದೆ ಎಂದು ಎಲ್ಲರೂ ಸರೋವರಕ್ಕೆ ಓಡಿದ್ದರು. ತೌನೊ ಒಬ್ಬನೇ ಉಳಿದ. ಕರಿಹಲಗೆಯ ಮೇಲೆ ನಾನು ನನ್ನ ಅಂಕಿ ಬರೆದೆ, ಎಲ್ಲಿ ಮುರಿಯುತ್ತದೆಂದು ಚಿತ್ರವನ್ನೂ ಬರೆದೆ. ತೌನೊ ಅದಕ್ಕಿಂತ ಕಡಿಮೆಯ ಅಂಕಿ ಬರೆದ. ಯಂತ್ರ ಎಳೆಯಿತು. ಹೊರಗಿಂದ ಜನರ ಕೂಗು ಕೇಳಿಸುತ್ತಿತ್ತು. ಮುಳ್ಳು ತೌನೊನ ಅಂಕಿ ದಾಟಿತು, ನನ್ನದಕ್ಕೆ ಇನ್ನೇನು ಮುಟ್ಟಬೇಕೆನ್ನುವಾಗ ಹಲಗೆ ಮುರಿಯಿತು. ನಾನು ಗೆರೆ ಎಳೆದಿದ್ದಲ್ಲೇ. ಉಳಿದವುಗಳೂ ಹಾಗೇ ಮುರಿದವು.

ತೌನೊ ನನ್ನ ಕೈ ಕುಲುಕಲಿಲ್ಲ. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದ.

ಕೇಕು ಗೆದ್ದದ್ದು ಹೆಲ್ಮಿ ಅಜ್ಜಿ. ಅವಳ ಲೆಕ್ಕ ಮೊಣಕಾಲು ನೋವಿನದು. ನನ್ನ ಅಕ್ಷಯ ತದಿಗೆ ಇನ್ನೂ ಮುಂದಿತ್ತು.

ಮತ್ತೆ ಹಳಿಯಾಳ

ಊರಿಗೆ ಬಂದು ಮೊದಲು ಮಾಡಿದ್ದು ಎರಡು ಜೊತೆ ಪಟ್ಟಿ. ಒಂದೇ ಬಟ್ಟೆ, ಒಂದೇ ಕೈ, ತೌನೊ ಕೆತ್ತಿಕೊಟ್ಟ ಅದೇ ಗೂಟ. ಒಂದು ಜೊತೆ ಕಟ್ಟಿಕೊಳ್ಳಲು, ಇನ್ನೊಂದು ಮುರಿಯಲು. ಅಪ್ಪನ ಗೋದಾಮಿನ ತೊಲೆಗೆ ಒಂದು ಪಟ್ಟಿಯನ್ನು ಮೊಣಕಾಲಿನ ತೂತಿನಿಂದ ತೂಗುಹಾಕಿದೆ. ಕೆಳಗಿನ ತುದಿಗೆ ಸರಪಳಿಯಿಂದ ಒಂದು ದಪ್ಪ ಹಲಗೆ. ಗಿರಿಜಾ ಎದುರಿಗೆ ಸ್ಟೂಲು ಹಾಕಿಸಿಕೊಂಡು, ಪರೀಕ್ಷೆ ನಡೆಸುವ ಅಕ್ಕೋರ ಹಾಗೆ ಕೂತಳು.

"ಹೇಳು ಈಗ."

"ಏಳು ಚೀಲ ತಡೀತೈತಿ. ಎಂಟನೇದಕ್ಕ ಮುರೀತೈತಿ. ತೂತಿನ ಅಂಚಿನ್ಯಾಗಲ್ಲ, ಅಕ್ಕಿಕಾಳಿನಷ್ಟು ಈಚೆ."

"ನೋಡೂಣು."

ಚೀಲ ಹೊರುವವನು ಬಸ್ತ್ಯಾಂವ. ಜೋಯಿಡಾ ಕಡೆಯ ಸಿದ್ದಿ, ಬಹಳ ವರ್ಷದಿಂದ ನಮ್ಮ ಪೇಟೆಯ ಹಮಾಲ. ನೂರು ಕಿಲೋದ ಅಕ್ಕಿ ಚೀಲವನ್ನು ಹೂವಿನ ಬುಟ್ಟಿಯಂತೆ ಇಳಿಸುವವನು. ಎರಡು ಬೆರಳಗಲದ ಆ ಪಟ್ಟಿ ನೋಡಿ ನಕ್ಕ.

"ಸಾಹೇಬ್ರ, ಎಂಟು ಯಾಕ್ರಿ, ನಾ ಒಬ್ಬ ಕುಂತ್ರ ಸಾಕು!"

ಒಂದಿಟ್ಟ, ಎರಡಿಟ್ಟ. ಐದು ಇಟ್ಟಾಗ ನಗು ನಿಲ್ಲಿಸಿದ. ಆರು. ಏಳು. ಪಟ್ಟಿ ಸಣ್ಣಗೆ ಚಟಚಟ ಎಂದಿತು. ಅಪ್ಪ ಅಕ್ಕಿ ಚೆಲ್ಲೀತೆಂದು ಎರಡು ಹೆಜ್ಜೆ ಹಿಂದೆ ಸರಿದ. ಎಂಟನೆಯ ಚೀಲದ ಭಾರವೆಲ್ಲ ಇಳಿಯುವ ಮುಂಚೆಯೇ ಬಸ್ತ್ಯಾಂವ ಹಿಂದಕ್ಕೆ ಹಾರಿದ. ಗುಂಡು ಹೊಡೆದಂಥ ಸದ್ದು. ಚೀಲಗಳೆಲ್ಲ ಧೊಪ್ಪೆಂದು ನೆಲಕ್ಕೆ ಬಿದ್ದವು.

ಧೂಳು ಇಳಿದ ಮೇಲೆ ಗಿರಿಜಾ ಎದ್ದು ಬಂದಳು. ಮುರಿದ ತುಂಡನ್ನು ಎತ್ತಿ ತೂತಿನ ಬಳಿ ಬೆರಳಾಡಿಸಿದಳು.

"ಹೇಳಿದಲ್ಲೇ ಮುರದೈತಿ" ಎಂದಳು. ಆಮೇಲೆ ತಲೆಯೆತ್ತಿ, "ಮಳೀಗಾಲದಾಗ ತೊಯ್ದ್ರ?"

ಆ ಪ್ರಶ್ನೆ ಬಾರದಿರಲಿ ಎಂದು ನಾನು ಬೇಡಿಕೊಂಡಿದ್ದೆ. "ಅದು ನನಗ ಗೊತ್ತಿಲ್ಲ, ಗಿರಿಜಾ. ಪ್ರತಿ ಮಳಿಗಾಲ ಆದ ಮ್ಯಾಲೆ ಹೊಸಾ ಜೋಡಿ ಕಟ್ಟೂಣು, ಹಳೇದು ಇಲ್ಲೇ ಮುರದು ನೋಡೂಣು."

"ಗೊತ್ತಿಲ್ಲ ಅಂತ ಬಾಯಿಲೆ ಅಂದೆಲ್ಲ, ಸಾಕು. ತಾ ಇಲ್ಲೆ" ಎಂದು ಇನ್ನೊಂದು ಜೊತೆಗೆ ಕೈ ಚಾಚಿದಳು.

ಮರುದಿನ ಬೆಳಿಗ್ಗೆ ಅವಳ ಜೊತೆ ಬಸ್ ಸ್ಟ್ಯಾಂಡಿಗೆ ಹೋದೆ. ಕಬ್ಬಿಣದ ಸದ್ದಿಲ್ಲದೆ ಅವಳು ಪಕ್ಕದಲ್ಲಿ ನಡೆಯುತ್ತಿರುವುದು ನನಗೆ ಹೊಸದು. ಎರಡು ಸಲ ಹೊರಳಿ, ಬರುತ್ತಿದ್ದಾಳೋ ಇಲ್ಲವೋ ಎಂದು ನೋಡಿದೆ. ದಾಂಡೇಲಿಯ ಬಸ್ಸು ಬಂತು, ಅದೇ ಎತ್ತರದ ಮೆಟ್ಟಿಲು. ಲೆಕ್ಕವೆಲ್ಲ ಗೊತ್ತಿತ್ತು, ಆದರೂ ನನಗೆ ಗೊತ್ತಿಲ್ಲದಂತೆಯೇ ಕೈ ಅವಳ ಮೊಣಕೈ ಹಿಡಿಯಲು ಹೋಗಿತ್ತು.

ಗಿರಿಜಾ ಕಂಬಿ ಹಿಡಿದು ಬಲಗಾಲನ್ನೇ ಮೊದಲು ಮೆಟ್ಟಿಲ ಮೇಲಿಟ್ಟಳು. ಹೊರಳಿ ನನ್ನ ಕೈ ನೋಡಿದಳು.

"ಕೈ ತಗಿ. ನಾ ಏನ ಎಂಟು ಚೀಲ ಅದೀನೇನು?"

ಕೈ ತೆಗೆದೆ. ಅವಳು ಹತ್ತಿ ಹೋದಳು.